ಬೆಳಗಿನ ಫೈಲಿನಿಂದ ಅಳಿಸಿದ ಎರಡು ಸಾಲು

ದೇವಣಗಾಂವದ ಅಳತೆಗಾರನನ್ನು ಕೆಲಸದಿಂದ ತೆಗೆದವರು ನಮ್ಮ ಸಾಹೇಬರು. ಅವರಿಗೆ ಅದಕ್ಕೆ ಅನುವು ಮಾಡಿಕೊಟ್ಟದ್ದು ನಾನು ಅಳಿಸಿದ ಎರಡು ಸಾಲು. ಎರಡು ವರ್ಷವಾದರೂ ನನ್ನ ಸಿಟ್ಟು ಇಳಿದಿಲ್ಲ. ಇಳಿಯುವ ಮೊದಲೇ ಬರೆದಿಡುತ್ತಿದ್ದೇನೆ. ಇಳಿದ ಮೇಲೆ ನಾನೂ ಉಳಿದವರ ಹಾಗೆ ‘ಆಗ ಮಶೀನು ಕೆಟ್ಟಿತ್ತು’ ಎಂದು ಹೇಳಿ ಸುಮ್ಮನಾಗಿಬಿಡುತ್ತೇನೇನೋ ಎಂಬ ಅಂಜಿಕೆ ನನಗಿದೆ. ಮಶೀನು ಕೆಟ್ಟಿರಲಿಲ್ಲ.

ಇಂಡಿಯಲ್ಲಿ ನಮ್ಮ ಕಚೇರಿ ಇದ್ದದ್ದು ಒಂದು ಹಳೆಯ ಹತ್ತಿ ಗೋದಾಮಿನಲ್ಲಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಆಯ್ದ ಬಾವಿಗಳಲ್ಲಿ ನೀರು ಎಷ್ಟು ಆಳದಲ್ಲಿದೆ ಎಂದು ತಿಂಗಳಿಗೊಮ್ಮೆ ಅಳೆದು ಬರೆದಿಡುವುದು ಕಚೇರಿಯ ಕೆಲಸ. ತಾಲೂಕಿಗೆ ಒಬ್ಬ ಅಳತೆಗಾರ. ಅವನಿಗೊಂದು ಸೈಕಲ್ಲು, ಒಂದು ಉಕ್ಕಿನ ಟೇಪು, ಒಂದು ಡಬ್ಬಿ ಸೀಮೆಸುಣ್ಣ. ಟೇಪಿನ ತುದಿಗೆ ಸುಣ್ಣ ತೀಡಿ ಬಾವಿಗೆ ಇಳಿಬಿಟ್ಟರೆ ನೀರು ತಾಗಿದಷ್ಟು ಭಾಗ ಕಪ್ಪಾಗುತ್ತದೆ. ಇಳಿಬಿಟ್ಟ ಉದ್ದದಲ್ಲಿ ಆ ಕಪ್ಪನ್ನು ಕಳೆದರೆ ನೀರಿನ ಆಳ ಸಿಗುತ್ತದೆ. ಅದನ್ನು ಅಚ್ಚು ಹಾಕಿದ ಹಾಳೆಯಲ್ಲಿ ತುಂಬಿ ಟಪಾಲಿನಲ್ಲಿ ಕಳಿಸಬೇಕು. ಈ ನಾಲ್ವರೂ ದಿನಗೂಲಿಯವರು. ಇವರನ್ನು ಇಡುವುದೂ ಬಿಡಿಸುವುದೂ ಸಾಹೇಬರ ಒಂದು ಸಹಿಯ ಕೆಲಸ.

ಹೊರದೇಶದ ನೆರವಿನಿಂದ ಆ ಗೋದಾಮಿಗೆ ಒಂದು ಕಂಪ್ಯೂಟರು ಬಂದಿತ್ತು. ಮಿನಿ ಎಂದು ಕರೆಯುತ್ತಿದ್ದರೂ ಎರಡು ಬಟ್ಟೆ ಕಪಾಟಿನಷ್ಟು ದೊಡ್ಡದು. ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಆರು ತಿಂಗಳು ಅದರ ತರಬೇತಿ ಪಡೆದು ಬಂದ ನಾನು ಅದರ ಹೊಣೆಗಾರಳು. ನನ್ನ ಊರು ಬಸವನ ಬಾಗೇವಾಡಿ. ಇಂಡಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಕಚೇರಿಗೆ ಹೋಗಿ ಬಂದು, ಯಾರೊಡನೆಯೂ ಹೆಚ್ಚು ಮಾತಾಡದೆ ಇದ್ದೆ. ಅದು ನನ್ನ ಸ್ವಭಾವ. ಆ ಸ್ವಭಾವದ ಮೇಲೂ ನನಗೆ ಸಿಟ್ಟಿದೆ. ಅದನ್ನು ಮುಂದೆ ಹೇಳುತ್ತೇನೆ.

ಮಶೀನಿಗೆ ಮೂರು ಡ್ರೈವುಗಳು. ಡ್ರೈವು ಎಂದರೆ ಡಿಸ್ಕನ್ನು ಒಳಗೆ ತಳ್ಳುವ ಖಾನೆ. ಡಿಸ್ಕು ರೊಟ್ಟಿ ಹಂಚಿಗಿಂತ ಅಗಲವಾದ, ಬಿಳಿ ಪ್ಲಾಸ್ಟಿಕ್ಕಿನ ಚಪ್ಪಟೆ ಡಬ್ಬಿ. ಮೊದಲ ಖಾನೆಯಲ್ಲಿ ಮಶೀನಿನ ಸ್ವಂತ ಡಿಸ್ಕು. ಎರಡನೆಯದರಲ್ಲಿ ಇಂಡಿ ಮತ್ತು ಸಿಂದಗಿಯ ಬಾವಿಗಳ ಡಿಸ್ಕು. ಅದನ್ನು ಉತ್ತರ ಎನ್ನುತ್ತಿದ್ದೆವು. ಮೂರನೆಯದರಲ್ಲಿ ಮುದ್ದೇಬಿಹಾಳ ಮತ್ತು ಬಾಗೇವಾಡಿಯದು, ಅದು ದಕ್ಷಿಣ.

ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದ ಊರು. ಹಾಗಾಗಿ ಸಂಜೆ ಮಶೀನು ನಿಲ್ಲಿಸಿ ಬೆಳಿಗ್ಗೆ ಮತ್ತೆ ಶುರು ಮಾಡುತ್ತಿದ್ದೆವು. ಶುರುವಾದ ಗಳಿಗೆಯಲ್ಲಿ ಮಶೀನಿಗೆ ತನ್ನ ಸ್ವಂತ ಡಿಸ್ಕು ಒಂದು ಬಿಟ್ಟರೆ ಬೇರೇನೂ ಗೊತ್ತಿರುವುದಿಲ್ಲ. ಪಕ್ಕದ ಖಾನೆಗಳಲ್ಲಿ ಡಿಸ್ಕು ಇದ್ದರೂ ಅದರ ಪಾಲಿಗೆ ಇಲ್ಲ. ಯಾರಾದರೂ ಹೇಳಬೇಕು: ಎರಡನೆಯ ಖಾನೆಯಲ್ಲಿರುವುದನ್ನು ಉತ್ತರ ಎಂಬ ಹೆಸರಿನಡಿ ಜೋಡಿಸಿಕೋ, ಮೂರನೆಯದನ್ನು ದಕ್ಷಿಣ ಎಂಬ ಹೆಸರಿನಡಿ ಜೋಡಿಸಿಕೋ ಎಂದು. ಈ ಜೋಡಣೆಗೆ ಮೌಂಟ್ ಮಾಡುವುದು ಎನ್ನುತ್ತಾರೆ. ಜೋಡಿಸಿದ ಮೇಲೆ ಆ ಡಿಸ್ಕಿನಲ್ಲಿರುವ ಕಡತಗಳೆಲ್ಲ ಮಶೀನಿನ ಸ್ವಂತ ಕಡತಗಳಂತೆಯೇ ತೆರೆದುಕೊಳ್ಳುತ್ತವೆ. ದಿನಾ ಅದನ್ನು ಕೈಯಿಂದ ಟೈಪು ಮಾಡುವ ಬದಲು ಒಂದು ಸಣ್ಣ ಫೈಲಿನಲ್ಲಿ ಬರೆದಿಟ್ಟರೆ ಮಶೀನು ಎದ್ದ ಕೂಡಲೇ ತಾನೇ ಅದನ್ನು ಓದಿ ಹೇಳಿದ ಹಾಗೆ ಮಾಡುತ್ತದೆ. ನಾವು ಅದನ್ನು ಬೆಳಗಿನ ಫೈಲು ಎನ್ನುತ್ತಿದ್ದೆವು. ಅದನ್ನು ಬರೆದವಳು ನಾನು.

ಮಶೀನು ನೋಡುವುದು ಖಾನೆಯ ಸಂಖ್ಯೆಯನ್ನು ಮಾತ್ರ. ಒಳಗೆ ಇಟ್ಟದ್ದು ಯಾವ ಡಿಸ್ಕು ಎಂದು ಅದು ಕೇಳುವುದಿಲ್ಲ. ಆದ್ದರಿಂದ ನಾನು ಪ್ರತಿ ಡಿಸ್ಕಿನೊಳಗೂ ಅದರ ಹೆಸರನ್ನು ಒಂದು ಪುಟ್ಟ ಕಡತದಲ್ಲಿ ಬರೆದಿಟ್ಟು, ಬೆಳಗಿನ ಫೈಲಿಗೆ ಡಿಸ್ಕಿಗೊಂದರಂತೆ ಇನ್ನೂ ಎರಡು ಸಾಲು ಸೇರಿಸಿದ್ದೆ. ಜೋಡಿಸಿದ ಮೇಲೆ ಒಳಗಿನ ಹೆಸರನ್ನು ಓದಿ ನೋಡು, ತಪ್ಪಿದ್ದರೆ ಕಳಚಿ ನಿಂತುಬಿಡು, ಎಂದು.

ಒಂದು ದಿನ ಅದು ನಿಂತಿತು. ಬೆಂಗಳೂರಿನಿಂದ ಮೇಲಧಿಕಾರಿಗಳು ಮಶೀನು ನೋಡಲು ಬಂದಿದ್ದರು. ಅವರೆದುರಿಗೇ ಶುರು ಮಾಡಿ ತೋರಿಸುವ ಅವಸರದಲ್ಲಿ ನಮ್ಮ ಆಪರೇಟರು ಡಿಸ್ಕುಗಳನ್ನು ಅದಲು ಬದಲು ತಳ್ಳಿದ್ದರು. ಮಶೀನಿನ ಮಾತನ್ನು ಕಾಗದದ ಸುರುಳಿಯ ಮೇಲೆ ಹೊಡೆಯುವ ಟೆಲಿಟೈಪು ಖಟಖಟ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ನನ್ನ ಕನ್ನಡ ಹೊಡೆಯಿತು: ‘ಡಿಸ್ಕ್ ತಪ್ಪು. ನಿಲ್ಲಿಸಿದೆ.’ ಬಂದವರಲ್ಲಿ ಒಬ್ಬರು ಬಗ್ಗಿ ಓದಿ ನಕ್ಕರು.

“ಏನ್ರೀ ಇದು, ನಿಮ್ಮ ಮಶೀನು ನಿಮಗೇ ಬೈಯುತ್ತೆ?”

ಡಿಸ್ಕು ಬದಲಿಸಲು ಎರಡು ನಿಮಿಷ ಸಾಕಾಯಿತು. ಆದರೆ ಸಾಹೇಬರ ಮುಖ ಸಂಜೆಯ ತನಕ ಸರಿಹೋಗಲಿಲ್ಲ. ಜೀಪುಗಳು ಹೋದ ಮೇಲೆ ನನ್ನನ್ನು ಕರೆಸಿದರು.

“ಬಾಯಾರ, ಮಶೀನ್ ಚಾಲೂ ಮಾಡಿದ್ರ ಚಾಲೂ ಆಗಬೇಕು. ತಪ್ಪು ಹುಡುಕೂದು ನನ್ನ ಕೆಲಸ, ಅದರದಲ್ಲ. ಅವೆರಡು ಸಾಲು ತಗೀರಿ.”

“ತಗದ್ರ ತಪ್ಪು ಡಿಸ್ಕ್ ಇಟ್ಟಾಗ ಗೊತ್ತಾಗೂದಿಲ್ರಿ.”

“ಯಾಕ ತಪ್ಪು ಇಡ್ತಾರ? ಮ್ಯಾಲ ಚೀಟಿ ಅಂಟಿಸೀರಿಲ್ಲೋ? ಇಲ್ಲಿ ಎಲ್ಲಾರಿಗೂ ಓದಾಕ ಬರತೈತಿ.”

ಲಿಖಿತವಾಗಿ ಕೊಡಿ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಮಾತು ಬೆಳೆಸುವುದು ನನಗೆ ಆಗದು. ಬೇಡವಾದ ಮಾತಿಗಿಂತ ಬೇಡವಾದ ಕೆಲಸ ವಾಸಿ ಎಂದುಕೊಳ್ಳುವವಳು ನಾನು. ಮೇಜಿಗೆ ಬಂದು ಎರಡೂ ಸಾಲುಗಳನ್ನು ಅಳಿಸಿದೆ. ಒಂದು ನಿಮಿಷದ ಕೆಲಸ.

ನನ್ನದೇ ಇನ್ನೊಂದು ತಪ್ಪೂ ಇತ್ತು. ಎರಡೂ ಡಿಸ್ಕುಗಳಿಗೆ ಒಂದೇ ಪ್ರೋಗ್ರಾಮು ಸಾಕಾಗಲಿ ಎಂದು ಒಳಗಿನ ಕಡತಗಳಿಗೆ ತಾಲೂಕಿನ ಹೆಸರು ಕೊಡದೆ ಒಂದು, ಎರಡು ಎಂದು ಸಂಖ್ಯೆ ಕೊಟ್ಟಿದ್ದೆ. ಉತ್ತರದಲ್ಲಿ ಎರಡು ಎಂದರೆ ಸಿಂದಗಿ. ದಕ್ಷಿಣದಲ್ಲಿ ಎರಡು ಎಂದರೆ ಬಾಗೇವಾಡಿ. ಆಗ ಅದು ಜಾಣತನವೆನಿಸಿತ್ತು.

ಆ ವರ್ಷ ದಸರೆಯ ಆಯುಧಪೂಜೆಯ, ನಮ್ಮ ಕಡೆಯ ಖಂಡೇಪೂಜೆಯ, ಹಿಂದಿನ ದಿನ ಮಧ್ಯಾಹ್ನ ನಾನು ಊರಿಗೆ ಹೊರಟಿದ್ದೆ. ನಮ್ಮ ಆಪರೇಟರು ಮೊದಲು ಹಿಟ್ಟಿನ ಗಿರಣಿ ನಡೆಸುತ್ತಿದ್ದವರು. ನಲವತ್ತು ದಾಟಿದ, ದೈವಭಕ್ತಿಯ ಮನುಷ್ಯ. ನಾನು ಚೀಲ ಹೆಗಲಿಗೇರಿಸುವಾಗ ಬಾಗಿಲಲ್ಲಿ ಬಂದು ನಿಂತರು.

“ಅಕ್ಕಾರ, ನಾಳೆ ಡಿಸ್ಕುಗೋಳನ್ನ ಹೊರಗ ತಗದು ಪೂಜಿ ಮಾಡ್ಲೇನ್ರಿ? ಕಪಾಟಿಗೆ ಕುಂಕುಮ ಹಚ್ಚಿದ್ರ ಏನ್ ಬಂತು, ಬರದದ್ದೆಲ್ಲಾ ಅವರೊಳಗ ಐತಿ.”

“ಮಾಡ್ರಿ ಅಣ್ಣಾರ. ನೀರು ಮಾತ್ರ ಮುಟ್ಟಿಸಬ್ಯಾಡ್ರಿ.”

“ಗಿರಣಿ ಬೆಲ್ಟಿಗೂ ನಾ ನೀರು ಮುಟ್ಟಿಸಿಲ್ರಿ. ನೀವು ಆರಾಮ ಹೋಗ್ರಿ.”

ನಾನು ಆರಾಮವಾಗಿ ಹೋದೆ. ಬಾಗೇವಾಡಿಯಲ್ಲಿ ಹೋಳಿಗೆ ಉಂಡೆ, ಬನ್ನಿ ಮುಡಿದೆ, ಐದು ದಿನ ಇದ್ದೆ.

ಸೋಮವಾರ ಕಚೇರಿಗೆ ಬಂದಾಗ ಆಪರೇಟರು ನಾಲ್ಕು ಬನ್ನಿ ಎಲೆ ಕೈಗೆ ಕೊಟ್ಟರು. “ಬಂಗಾರದ್ಹಾಂಗ ಇರೂಣ್ರಿ ಅಕ್ಕಾರ” ಎಂದವರೇ ದನಿ ಇಳಿಸಿದರು.

“ನಮ್ಮ ಮಶೀನ್ ಒಬ್ಬ ಕಳ್ಳನ್ನ ಹಿಡದೈತ್ರಿ.”

“ಯಾರನ್ನ?”

“ಸಿಂದಗಿಯಾಂವ, ದೇವಣಗಾಂವದ ಅಳತಿಗ್ಯಾರ. ಮನ್ಯಾಗ ಕುಂತು ಅಂಕಿ ಬರದಾನ. ಸಾಹೇಬ್ರು ಶುಕ್ರವಾರನ ಅವನ್ನ ತಗದು ಚೀಟಿ ಕಳಿಸಿಬಿಟ್ರು.”

ನನಗೆ ನಂಬಿಕೆ ಬರಲಿಲ್ಲ. ಆ ಮನುಷ್ಯನನ್ನು ಒಮ್ಮೆ ನೋಡಿದ್ದೆ. ಐವತ್ತರ ಮೇಲಿನ, ಸಣಕಲು ಮೈಯ, ತಲೆಗೆ ಬಿಗಿಯಾಗಿ ರುಮಾಲು ಸುತ್ತಿದವನು. ಆದರೆ ಅವನ ಹಾಳೆಗಳನ್ನು ಒಂದೂವರೆ ವರ್ಷದಿಂದ ಓದುತ್ತ ಬಂದಿದ್ದೆ. ಉಳಿದ ಮೂವರು ಅಡಿಗಳನ್ನು ಬರೆದರೆ ಈತ ಇಂಚುಗಳನ್ನೂ ಬರೆಯುತ್ತಿದ್ದ. ಅಂಚಿನಲ್ಲಿ ದುಂಡಗಿನ ಅಕ್ಷರಗಳಲ್ಲಿ, ‘ಹೆಣ್ಮಕ್ಕಳು ನೀರು ಸೇದುತ್ತಿದ್ದರು, ಅರ್ಧ ತಾಸು ಕಾದು ನೀರು ನಿಂತ ಮೇಲೆ ಅಳೆದೆ’ ಎಂಬಂಥ ಟಿಪ್ಪಣಿ. ಮನೆಯಲ್ಲಿ ಕುಳಿತು ಅಂಕಿ ಕಟ್ಟುವವನು ಕಾದದ್ದನ್ನು ಬರೆಯುವುದಿಲ್ಲ.

“ಉಳದ ಮೂರು ತಾಲೂಕಿನ ಹಾಳಿ ಎಲ್ಲ್ಯದಾವ್ರಿ?” ಎಂದೆ.

“ಇನ್ನೂ ಬಂದಿಲ್ರಿ. ಹಬ್ಬ ಅಲ್ರಿ? ಇಂವಾ ಒಬ್ನ ಹಬ್ಬದಕಿಂತ ಮೊದಲ ಅಳದು ಕಳಿಸ್ಯಾನ.”

ನಾಲ್ವರಲ್ಲಿ ವೇಳೆಗೆ ಸರಿಯಾಗಿ ಕಳಿಸಿದವನು ಒಬ್ಬ. ಆ ಒಬ್ಬನೇ ಸಿಕ್ಕಿಕೊಂಡ.

ಟೆಲಿಟೈಪಿನ ಸುರುಳಿಯನ್ನು ಬಿಚ್ಚಿ ಮೇಜಿನ ಮೇಲೆ ಹರಡಿದೆ. ಹೊಸ ಅಳತೆಯನ್ನು ಟೈಪು ಮಾಡಿದಾಗ ಪ್ರೋಗ್ರಾಮು ಪಕ್ಕದಲ್ಲಿ ಹಿಂದಿನ ತಿಂಗಳದ್ದನ್ನು ಅಚ್ಚು ಹಾಕುತ್ತದೆ. ಎರಡರ ನಡುವೆ ಹತ್ತು ಅಡಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಒಂದು ಚುಕ್ಕಿ ಇಡುತ್ತದೆ. ಅವನ ಇಪ್ಪತ್ತಾರು ಬಾವಿಗಳಲ್ಲಿ ಹತ್ತೊಂಬತ್ತಕ್ಕೆ ಚುಕ್ಕಿ. ಹನ್ನೊಂದನೆಯ ಬಾವಿಯ ಸಾಲಿನಲ್ಲಿ ನನ್ನ ಬೆರಳು ನಿಂತಿತು. ಹೊಸದು ಹದಿನಾರು ಅಡಿ ಒಂಬತ್ತು ಇಂಚು. ಹಿಂದಿನದು ನಲವತ್ತೊಂದು ಅಡಿ ಮೂರು ಇಂಚು.

ನಲವತ್ತೊಂದು ಅಡಿ ಮೂರು ಇಂಚು ನನಗೆ ಗೊತ್ತಿದ್ದ ಅಂಕಿ. ಅದು ಬಾಗೇವಾಡಿಯಲ್ಲಿ ನಮ್ಮ ಮನೆಯ ಹಿಂದಿನ ಬಾವಿ. ಹಿಂದಿನ ತಿಂಗಳು ಊರಿಗೆ ಹೋದಾಗ ಅಲ್ಲಿಯ ಅಳತೆಗಾರನ ಟೇಪು ಇಸಿದುಕೊಂಡು ಕಲಿಯಲೆಂದು ನಾನೇ ಅಳೆದು, ಅವನ ಹಾಳೆಯಲ್ಲಿ ಇಂಚು ಸಮೇತ ಬರೆದಿದ್ದೆ. ಅವ್ವ ಹಿತ್ತಿಲ ಬಾಗಿಲಲ್ಲಿ ನಿಂತು, “ಎಂ.ಎಸ್ಸಿ. ಮಾಡಿ ಬಾವಿಗೆ ಹಣಿಕಿ ಹಾಕಾಕತ್ತಾಳ ನೋಡು” ಎಂದು ನಗುತ್ತಿದ್ದಳು. ಸಿಂದಗಿಯ ಹನ್ನೊಂದನೆಯ ಬಾವಿ ಇರುವುದು ಭೀಮಾ ದಂಡೆಯ ದೇವಣಗಾಂವದಲ್ಲಿ. ಅಲ್ಲಿ ನೀರು ಎಂದೂ ಅಷ್ಟು ಆಳಕ್ಕೆ ಇಳಿದದ್ದಿಲ್ಲ.

ಎದ್ದು ಹೋಗಿ ಎರಡನೆಯ ಖಾನೆಯನ್ನು ತೆರೆದೆ. ಡಿಸ್ಕಿನ ಮೇಲೆ ಅರಿಸಿನ, ಕುಂಕುಮ, ಒಣಗಿದ ಒಂದು ಚೆಂಡು ಹೂವಿನ ಎಸಳು. ನಾನು ಅಂಟಿಸಿದ ಚೀಟಿ ಇತ್ತು, ಅದರ ಮೇಲೆ ಅಕ್ಷರಗಳಿರಲಿಲ್ಲ. ಶಾಯಿ ಹರಡಿ ತಿಳಿನೀಲಿ ಕಲೆಯಾಗಿತ್ತು. ಮೂರನೆಯ ಖಾನೆಯದೂ ಹಾಗೆಯೇ.

“ಅಣ್ಣಾರ, ನೀರು ಹಾಕೀರೇನ್ರಿ?”

“ಇಲ್ರಿ, ದೇವರಾಣಿ. ಹಸಿ ಅರಬಿಲೆ ಒರಸೇನಿ ಅಷ್ಟ. ಧೂಳಿದ್ದದ್ದನ್ನ ದೇವರ ಮುಂದ ಇಡಾಕ ಬರತೈತೇನ್ರಿ?”

“ತಿರಗಿ ಇಡುವಾಗ ಯಾವುದು ಯಾವುದಂತ ಹ್ಯಾಂಗ ಗೊತ್ತಾತ್ರಿ?”

ಅವರು ಎರಡೂ ಖಾನೆಗಳತ್ತ ನೋಡಿದರು. “ಬಲಗಡೆ ಇಟ್ಟದ್ದು ಬಲಗಡೀದು ಅಂತ...” ಎಂದು ನಿಲ್ಲಿಸಿದರು. ಪೂಜೆಗೆ ಇಟ್ಟಾಗ ಡಿಸ್ಕುಗಳು ಇವರತ್ತ ಮುಖ ಮಾಡಿದ್ದವು, ದೇವಿಯ ಪಟ ಅವುಗಳ ಹಿಂದಿತ್ತು. ಮಂಗಳಾರತಿ ಮುಗಿದು ಪಟದ ಕಡೆಯಿಂದ ಬಂದು ಎತ್ತಿಕೊಂಡಾಗ ಬಲ ಎಡವಾಗಿತ್ತು. ಅದು ಅವರಿಗೆ ಆಗಲೇ ಹೊಳೆದದ್ದು.

“ನನ್ನ ಹೆಸರು ಬರೀತೀರೇನ್ರಿ ಅಕ್ಕಾರ?”

“ಇಲ್ಲ. ತಪ್ಪು ಡಿಸ್ಕ್ ಇಟ್ರ ನಿಲ್ಲೂ ಹಂಗ ಮಾಡಿದ್ದೆ. ಅದನ್ನ ತಗದದ್ದು ನೀವಲ್ಲ.”

ಡಿಸ್ಕುಗಳನ್ನು ಸರಿಯಾಗಿ ಇಟ್ಟು ಮಶೀನು ಮತ್ತೆ ಶುರು ಮಾಡಿದೆವು. ಬಾಗೇವಾಡಿಯ ಕಡತಕ್ಕೆ ನುಗ್ಗಿದ್ದ ಸಿಂದಗಿಯ ಅಂಕಿಗಳನ್ನು ತೆಗೆದು ಅವುಗಳ ಜಾಗಕ್ಕೆ ಹಾಕಿದೆ. ಪಟ್ಟಿ ಹೊಸದಾಗಿ ಬಂತು. ಇಪ್ಪತ್ತಾರು ಬಾವಿಗಳಲ್ಲಿ ಒಂದಕ್ಕೂ ಚುಕ್ಕಿಯಿರಲಿಲ್ಲ.

ಎರಡೂ ಪಟ್ಟಿಗಳನ್ನು ಹಿಡಿದು ಸಾಹೇಬರ ಕೋಣೆಗೆ ಹೋದೆ. ಹೋಗುವ ಮೊದಲು ಅಳತೆಗಾರನನ್ನು ತೆಗೆದ ಚೀಟಿಯ ನಕಲನ್ನು ಓದಿದ್ದೆ. ‘ಬಾವಿಗಳಿಗೆ ಹೋಗದೆ ಕಾಲ್ಪನಿಕ ಅಂಕಿಗಳನ್ನು ಬರೆದಿರುವುದು ಯಂತ್ರದಿಂದ ರುಜುವಾತಾಗಿರುತ್ತದೆ.’ ಯಂತ್ರದಿಂದ ರುಜುವಾತು. ಅವನನ್ನು ಕರೆಸಿ ಒಂದು ಮಾತು ಕೇಳಿರಲಿಲ್ಲ. ಬಾವಿಯ ಹತ್ತಿರ ಯಾರನ್ನೂ ಕಳಿಸಿರಲಿಲ್ಲ. ನಾನು ಬರುವ ತನಕ ಮೂರು ದಿನ ಕಾದಿರಲಿಲ್ಲ. ಮಶೀನು ಒಬ್ಬನನ್ನು ಹಿಡಿಯಿತು ಎಂದು ಮೇಲಕ್ಕೆ ಬರೆಯುವ ಹುರುಪು ಅವರಿಗೆ.

ಸಾಹೇಬರು ಎರಡೂ ಪಟ್ಟಿಗಳನ್ನು ನೋಡಿದರು. ದಡ್ಡರಲ್ಲ, ತಕ್ಷಣ ತಿಳಿಯಿತು.

“ಆತಲ್ಲ, ಸರಿ ಮಾಡೀರಲ್ಲ. ಮುಗೀತು.”

“ಮುಗೀಲಿಲ್ರಿ. ಚೀಟಿ ಅವನ ಕೈಯಾಗೈತಿ.”

“ಹೌದು, ಹೋಗೇತಿ. ಈಗ ಹಿಂದಕ್ಕ ತಗೊಂಡ್ರ ನಾಲ್ಕು ಮಂದಿ ನಗ್ತಾರ. ಇನ್ನೊಬ್ಬನ್ನ ನೋಡೂಣು. ಸಿಂದಗ್ಯಾಗ ಟೇಪ್ ಹಿಡಿಯವ್ರು ಸಿಗೂದಿಲ್ಲೇನು?”

“ಅವನ್ನ ಊರವ್ರು ಕಳ್ಳ ಅಂತಾರ್ರಿ.”

“ಎರಡು ದಿನ ಅಂತಾರ. ಆಮ್ಯಾಲ ಮರೀತಾರ.”

ನಾನು ಹಿಂದಕ್ಕೆ ಬಂದು ಒಂದು ಪುಟದ ವರದಿ ಬರೆದೆ. ಡಿಸ್ಕಿನ ಚೀಟಿಗಳಿಗೆ ಕಾಯಂ ಶಾಯಿ ಬಳಸದಿದ್ದದ್ದು ನನ್ನ ತಪ್ಪು. ಕಡತಗಳಿಗೆ ಹೆಸರಿನ ಬದಲು ಸಂಖ್ಯೆ ಕೊಟ್ಟದ್ದು ನನ್ನ ತಪ್ಪು. ಡಿಸ್ಕಿನ ಹೆಸರು ನೋಡಿ ನಿಲ್ಲುವ ಎರಡು ಸಾಲುಗಳನ್ನು ಸಾಹೇಬರ ಬಾಯಿಮಾತಿನ ಆದೇಶದಂತೆ ನಾನು ಅಳಿಸಿದ್ದು. ಆದ್ದರಿಂದ ಅಳತೆಗಾರನದು ಏನೂ ತಪ್ಪಿಲ್ಲ, ಅವನನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಬೇಕು. ಮೇಲಿನ ಕಚೇರಿಗೆ ಒಂದು ಪ್ರತಿ ಎಂದು ಕೆಳಗೆ ಬರೆದೆ.

ಸಾಹೇಬರು ಓದುತ್ತ ಓದುತ್ತ ಕನ್ನಡಕ ತೆಗೆದರು.

“ಏನ್ರಿ ಇದು? ನನ್ನ ಕೈಗೆ ಬೇಡಿ ಹಾಕಬೇಕಂತೀರೇನು?”

“ಆದದ್ದನ್ನ ಬರದೇನ್ರಿ.”

“ಆದದ್ದು ಭಾಳ ಇರತಾವ. ಎಲ್ಲಾ ಬರಿಯಾಕ ಬರೂದಿಲ್ಲ.” ಮೇಜಿನ ಖಾನೆಯಿಂದ ಒಂದು ಬಿಳಿ ಹಾಳೆ ತೆಗೆದು ನನ್ನೆದುರು ಇಟ್ಟರು. “ನೋಡ್ರಿ ತಂಗಿ, ನಾನೂ ಕಟುಕ ಅಲ್ಲ. ಈ ಪುಟ ಹರೀರಿ. ‘ಯಾಂತ್ರಿಕ ದೋಷ’ ಅಂತ ಎರಡು ಶಬ್ದ ಬರದು ಕೊಡ್ರಿ. ಈಗಿಂದೀಗ ಅವನ್ನ ತಿರಗಿ ತಗೊಳ್ಳೂ ಆರ್ಡರಿಗೆ ಸಹಿ ಹಾಕ್ತೇನಿ.”

“ಮಶೀನ್ ಹೇಳಿದ್ದನ್ನ ಅಷ್ಟ ಮಾಡೈತ್ರಿ. ಅದರ ದೋಷ ಇಲ್ಲ.”

“ಹಂಗಾರ ನಿಮ್ಮ ಪುಟ ಮ್ಯಾಲ ಹೋಗಲಿ. ಅವ್ರು ನನ್ನ ಕೇಳ್ಲಿ, ನಾ ನಿಮ್ಮ ಕೇಳ್ತೇನಿ. ಒಂದು ವರ್ಷ ಹಿಡೀತೈತಿ. ಅಲ್ಲೀತನಕಾ ಅಂವಾ ಮನ್ಯಾಗ ಕುಂದರ್ಲಿ.”

ಅವರು ಸುಳ್ಳು ಹೆದರಿಕೆ ಹಾಕುತ್ತಿರಲಿಲ್ಲ. ಹಾಗೇ ಆಗುತ್ತಿತ್ತು. ನನ್ನ ಪುಟ ನಿಜ, ಅದಕ್ಕಾಗಿ ಅವನು ವರ್ಷಗಟ್ಟಲೆ ಕಳ್ಳನಾಗಿ ಊರಲ್ಲಿ ತಿರುಗಬೇಕು. ಸುಳ್ಳು ಬರೆದರೆ ನಾಳೆಯೇ ಅವನ ಕೈಗೆ ಟೇಪು. ನಾನು ಬಹಳ ಹೊತ್ತು ನಿಂತೆ ಎಂದು ಹೇಳಿಕೊಳ್ಳುವ ಆಸೆಯಾಗುತ್ತದೆ. ನಿಂತದ್ದು ಫ್ಯಾನು ನಾಲ್ಕು ಸುತ್ತು ತಿರುಗುವಷ್ಟು ಹೊತ್ತು. ಆ ಪುಟವನ್ನು ಹರಿದೆ. ಎರಡು ಶಬ್ದ ಬರೆದೆ. ಅವರ ಮಾತಿಗೆ ನಾನು ಬರೆದದ್ದನ್ನು ಅಳಿಸಿದ್ದು ಅದು ಎರಡನೆಯ ಸಲ.

ಸಹಿ ಹಾಕಿ ಆರ್ಡರನ್ನು ನನ್ನತ್ತ ತಳ್ಳಿದರು.

“ಟಪಾಲಿಗೆ ಹಾಕ್ರಿ.”

“ನಾನ ತಗೊಂಡು ಹೋಗ್ತೇನ್ರಿ. ಇನ್ನೊಂದು. ಬೆಳಗಿನ ಫೈಲಿನ್ಯಾಗ ಅವೆರಡು ಸಾಲು ತಿರಗಿ ಹಾಕ್ತೇನಿ.”

“ಹಾಕ್ಕೋರಿ. ಇನ್ನೊಮ್ಮೆ ಮಂದಿ ಮುಂದ ನಿಂತ್ರ ನಿಮ್ಮನ್ನ ಕೇಳ್ತೇನಿ.”

“ನಿಂತ್ರ ಡಿಸ್ಕ್ ನೋಡ್ರಿ. ನನ್ನ ಏನ್ ನೋಡ್ತೀರಿ?”

ನನ್ನ ಬಾಯಿಂದ ಆ ಮಾತು ಬಂದದ್ದಕ್ಕೆ ಅವರಿಗಿಂತ ನನಗೇ ಹೆಚ್ಚು ಆಶ್ಚರ್ಯವಾಯಿತು.

ಮರುದಿನ ಬೆಳಿಗ್ಗೆ ಆಲಮೇಲಕ್ಕೆ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ದೇವಣಗಾಂವಕ್ಕೆ ಹೋದೆ. ಜೋಳದ ಬಿತ್ತಿಗೆ ನಡೆದಿತ್ತು. ಅವನ ಮನೆಯನ್ನು ಕೇಳಿದಾಗ ಬಸ್ಸು ನಿಲ್ಲುವಲ್ಲಿ ಕಟ್ಟೆಯ ಮೇಲೆ ಕುಳಿತಿದ್ದ ನಾಲ್ಕು ಮಂದಿಯಲ್ಲಿ ಒಬ್ಬ ದಾರಿ ತೋರಿಸಿ, ಇನ್ನೊಬ್ಬನತ್ತ ತಿರುಗಿ, “ಮನ್ಯಾಗ ಕುಂತು ಬಾವಿ ಅಳಿಯಾಂವನ ಮನಿ” ಎಂದ. ಎಲ್ಲರೂ ನಕ್ಕರು. ಊರು ಮರೆಯಲು ಇನ್ನೂ ಶುರು ಮಾಡಿರಲಿಲ್ಲ.

ಅವನು ಅಂಗಳದಲ್ಲಿ ಸೈಕಲ್ಲನ್ನು ಒರಸುತ್ತಿದ್ದ. ಕಚೇರಿಯ ಸೈಕಲ್ಲು. ಹ್ಯಾಂಡಲ್ಲಿಗೆ ಟೇಪನ್ನೂ ಸುಣ್ಣದ ಡಬ್ಬಿಯನ್ನೂ ಕಟ್ಟಿಟ್ಟಿದ್ದ, ಹಿಂದಿರುಗಿಸಲು ತಯಾರಾಗಿ. ನಾನು ಯಾರೆಂದು ಹೇಳಿ ಆರ್ಡರನ್ನು ಕೊಟ್ಟೆ. ಬೆಳಕಿಗೆ ಹಿಡಿದು ನಿಧಾನವಾಗಿ ಓದಿದ.

“ಯಾಂತ್ರಿಕ ದೋಷ ಅಂದ್ರ?”

“ಮಶೀನ್ ತಪ್ಪು ಮಾಡೇತಿ ಅಂತ.”

“ಅದನ್ನ ತಗದಾರೇನ್ರಿ ಕೆಲಸದಿಂದ?”

ಕೇಳುವಾಗ ಅವನು ನಗಲಿಲ್ಲ. ಆರ್ಡರನ್ನು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡು ಸೈಕಲ್ಲು ಹೊರಗೆ ತಂದ.

“ಬರ್ರಿ ತಂಗೆವ್ವ. ಹನ್ನೊಂದನೇ ಬಾವಿ ಇಲ್ಲೇ ಕಟ್ಟೀ ಹತ್ರ ಐತಿ. ನಾ ಟೇಪ್ ಬಿಡ್ತೇನಿ, ನೀವು ನೋಡ್ರಿ. ಆಮ್ಯಾಲ ನಾ ಕೆಲಸಕ್ಕ ಬರೂದು.”

ಬಾವಿಯಲ್ಲಿ ಇಬ್ಬರು ಹೆಂಗಸರು ನೀರು ಸೇದುತ್ತಿದ್ದರು. ಅವನು ಅವರನ್ನು ಅವಸರ ಮಾಡಲಿಲ್ಲ. ಅವರು ಕೊಡ ತುಂಬಿದ ಮೇಲೂ ಬಾವಿಯ ಅಂಚಿಗೆ ಬೆನ್ನು ಕೊಟ್ಟು ಕುಳಿತೇ ಇದ್ದ. “ನೀರು ನಿಂದರ್ಲಿ” ಎಂದ. ನಾನೂ ಕಾದೆ. ಹೆಂಗಸರು ಹೋಗದೆ ನಿಂತರು. ಕಟ್ಟೆಯ ಮೇಲಿನ ನಾಲ್ವರಲ್ಲಿ ಇಬ್ಬರು ಎದ್ದು ಹತ್ತಿರ ಬಂದರು.

ಅರ್ಧ ತಾಸಾದ ಮೇಲೆ ಟೇಪಿನ ತುದಿಗೆ ಸುಣ್ಣ ತೀಡಿ ಬಿಟ್ಟ. ಅಂಚಿನ ಕಲ್ಲಿನ ಮೇಲೆ ಕೊರೆದ ಗುರುತಿನ ಹತ್ತಿರ ಇಪ್ಪತ್ತು ಅಡಿಗೆ ಬೆರಳಿಟ್ಟು ಮೇಲಕ್ಕೆಳೆದ. ಒದ್ದೆಯ ಗುರುತು ಮೂರು ಅಡಿ ಎರಡು ಇಂಚಿಗೆ ಬಂದಿತ್ತು. ಹದಿನಾರು ಅಡಿ ಹತ್ತು ಇಂಚು. ಹದಿನೈದು ದಿನಗಳ ಹಿಂದೆ ಅವನು ಬರೆದದ್ದು ಹದಿನಾರು ಒಂಬತ್ತು.

“ನೋಡಿದ್ರಿ?”

“ನೋಡಿದೆ.”

“ಮತ್ತ ನಿಮ್ಮ ಮಶೀನಿಗೆ ಏನ್ ಕಂಡಿತ್ತು?”

ಆಗ ನನಗೆ ಆ ಹರಿದ ಪುಟ ನೆನಪಾಯಿತು. ಕಾಗದದಲ್ಲಿ ಉಳಿಯದ ಮಾತನ್ನು ನಾನು ಬಾಯಲ್ಲಿ ಹೇಳಬಹುದಿತ್ತು, ಅದಕ್ಕೆ ಯಾರ ಸಹಿಯೂ ಬೇಕಿರಲಿಲ್ಲ.

“ಮಶೀನ್ ತಪ್ಪು ಮಾಡಿಲ್ರಿ” ಎಂದೆ. “ನಿಮ್ಮ ಅಂಕಿ ಸರಿ ಇದ್ವು. ಡಿಸ್ಕ್ ಬದಲಾಗಿ ನಿಮ್ಮ ಬಾವೀನ ಬಾಗೇವಾಡಿ ಬಾವಿ ಜೋಡಿ ಹೋಲಿಸಿ ನೋಡೇತಿ. ಡಿಸ್ಕ್ ತಪ್ಪಿದ್ರ ನಿಲ್ಲೂ ಹಂಗ ನಾ ಎರಡು ಸಾಲು ಬರದಿದ್ದೆ. ಸಾಹೇಬ್ರು ತಗೀರಿ ಅಂದ್ರು. ನಾ ತಗದೆ. ಅವ್ರು ನಿಮ್ಮನ್ನ ಕೇಳದ ಚೀಟಿ ಕಳಿಸಿದ್ರು. ತಪ್ಪು ನಂದು ಮತ್ತ ಸಾಹೇಬ್ರದು.”

ಅವನು ಟೇಪನ್ನು ಒರಸಿ ಸುತ್ತುತ್ತ ನನ್ನ ಮುಖ ನೋಡಿದ. ಆ ನೋಟದಲ್ಲಿ ಕ್ಷಮೆ ಇರಲಿಲ್ಲ, ನಾನು ಅದನ್ನು ಕೇಳಿರಲೂ ಇಲ್ಲ. ಆಮೇಲೆ ಗದ್ದವೆತ್ತಿ ಕಟ್ಟೆಯ ಕಡೆ ತೋರಿಸಿದ. ಅಲ್ಲಿ ಇನ್ನೂ ಇಬ್ಬರು ಕುಳಿತಿದ್ದರು.

“ಭಾಳ ಸಣ್ಣಗ ಹೇಳಿದ್ರಿ ತಂಗೆವ್ವ. ಅಲ್ಲಿ ಕುಂತವರಿಗೆ ಕೇಳಿಸಿಲ್ಲ. ಇನ್ನೊಮ್ಮೆ ಹೇಳ್ರಿ.”

ನಾನು ಹುಟ್ಟಿದಾಗಿನಿಂದ ಪರಊರಿನ ಮಂದಿಯೆದುರು ದನಿಯೆತ್ತಿ ಮಾತಾಡಿದವಳಲ್ಲ. ಕಟ್ಟೆಯ ಕಡೆಗೆ ತಿರುಗಿ, ಮೊದಲಿನಿಂದ, ಒಂದೂ ಮಾತು ಬಿಡದೆ, ಕೇಳಿಸುವ ಹಾಗೆ ಹೇಳಿದೆ.